ಹೊಟ್ಟೆಗೆ ಹಾಕಿಕೊಂಡದ್ದು

ಹದಿನೇಳನೇ ನಂಬರಿನ ಬಸ್ಸಿನಲ್ಲಿ ವಾರಕ್ಕೆ ಎರಡು ಸಲವಾದರೂ ಯಾರಾದರೊಬ್ಬರು ಎದ್ದು ನಿಂತು ಪುಟ್ಟಿಗೆ ಸೀಟು ಬಿಟ್ಟುಕೊಡುತ್ತಿದ್ದರು. "ಕೂತ್ಕೊಳ್ಳಮ್ಮ, ಈ ಸ್ಥಿತೀಲಿ ನಿಂತ್ಕೊಂಡು ಯಾಕೆ ಒದ್ದಾಡ್ತೀಯ?" ಎನ್ನುತ್ತಿದ್ದರು. ಪುಟ್ಟಿ ಆ ಬಸ್ಸಿನ ಕಂಡಕ್ಟರು. ನಿಂತುಕೊಂಡು ಒದ್ದಾಡುವುದಕ್ಕೇ ಅವಳಿಗೆ ಸಂಬಳ. ಮೊದಮೊದಲು "ನಂಗೇನೂ ಆಗಿಲ್ಲ, ಇದು ಬರೀ ಹೊಟ್ಟೆ" ಎಂದು ಹೇಳಿ ನೋಡಿದಳು. ಕೇಳಿದವರು ಅವಳಿಗಿಂತ ಹೆಚ್ಚು ನಾಚಿಕೊಂಡು ಮುಂದಿನ ಸ್ಟಾಪಿನಲ್ಲೇ ಇಳಿದುಹೋಗುವುದನ್ನು ಕಂಡಮೇಲೆ, "ಪರವಾಗಿಲ್ಲ, ಕೂತ್ಕೊಳ್ಳಿ" ಎಂದಷ್ಟೇ ಹೇಳಿ ಮುಂದೆ ಸರಿಯುವುದನ್ನು ಕಲಿತಳು. ಮೂರು ವರ್ಷದಿಂದ ಅದೇ ಬಸ್ಸಿನಲ್ಲಿ ಓಡಾಡುತ್ತಿದ್ದ ಒಬ್ಬ ಮುದುಕಿ ಒಂದು ದಿನ ಕೈಹಿಡಿದು ಕೇಳಿಯೇಬಿಟ್ಟಳು: "ಇದು ಎಷ್ಟನೇದಮ್ಮ? ನಾನು ನೋಡಿದಾಗಲೆಲ್ಲ ನೀನು ಬಸುರೀನೇ ಆಗಿರ್ತೀಯಲ್ಲ." ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ ನಕ್ಕ. ಪುಟ್ಟಿಯೂ ನಕ್ಕಳು. ನಗದಿದ್ದರೆ ಡಿಪೋದಲ್ಲಿ ಆ ಮಾತು ಇನ್ನೂ ನಾಲ್ಕು ದಿನ ಹೆಚ್ಚು ಓಡಾಡುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಅವಳಿಗೆ ಮೂವತ್ತೆಂಟು ವರ್ಷ. ಹನ್ನೆರಡು ವರ್ಷದ ಮಗನಿದ್ದಾನೆ. ಆದರೂ ತವರಿನಲ್ಲಿ ಕಿರಿಯವಳಾದ್ದರಿಂದ ಪುಟ್ಟಿ ಎಂಬ ಹೆಸರು ಬಿಟ್ಟುಹೋಗಿರಲಿಲ್ಲ. ಅವಳೇನೂ ದಪ್ಪ ಹೆಂಗಸಲ್ಲ. ಕೈಕಾಲು ಕಡ್ಡಿಯ ಹಾಗೆ, ಕೆನ್ನೆ ಒಳಕ್ಕೆ. ಹೊಟ್ಟೆ ಮಾತ್ರ ಬೇರೆ ಯಾರದೋ ತಂದು ಕಟ್ಟಿದ ಹಾಗಿತ್ತು. ಹೊಕ್ಕುಳು ಲಿಂಬೆಹಣ್ಣಿನಷ್ಟು ಹೊರಕ್ಕೆ ಉಬ್ಬಿತ್ತು. ಅದರ ಕೆಳಗೆ ಚರ್ಮ ಮಡಿಕೆಯಾಗಿ ತೊಡೆಯವರೆಗೆ ಜೋತುಬಿದ್ದಿತ್ತು. ಬೇಸಗೆಯಲ್ಲಿ ಆ ಮಡಿಕೆಯೊಳಗೆ ಬೆವರು ನಿಂತು ಕೆಂಪು ಗುಳ್ಳೆ ಏಳುತ್ತಿತ್ತು. ಪೌಡರು ಹಾಕಿ, ಹಳೆಯ ಹತ್ತಿಬಟ್ಟೆ ಮಡಚಿಟ್ಟುಕೊಂಡು ಡ್ಯೂಟಿಗೆ ಹೋಗುತ್ತಿದ್ದಳು. ತುಂಬಿದ ಬಸ್ಸಿನಲ್ಲಿ ಜನರ ನಡುವೆ ಓರೆಯಾಗಿ ನುಸುಳುವುದು ಕಂಡಕ್ಟರ ವಿದ್ಯೆ. ಅವಳು ಓರೆಯಾದರೂ ಅಷ್ಟೇ ಅಗಲ, ನೇರವಾದರೂ ಅಷ್ಟೇ ಅಗಲ. ಸಂಜೆ ಮನೆಗೆ ಬಂದು ಟಿಕೆಟ್ ಚೀಲ ಇಳಿಸಿದರೆ ಸೊಂಟ ಎರಡು ಹೋಳಾದಂತೆ ನೋಯುತ್ತಿತ್ತು.

ಆ ಹೊಟ್ಟೆ ಮಗನಿಂದ ಬಂದದ್ದಲ್ಲ. ಅವನು ಎರಡೂವರೆ ಕಿಲೋ ತೂಗಿ, ಹೆಚ್ಚು ಗೋಳಾಡಿಸದೆ ಹುಟ್ಟಿದವನು. ಹೊಟ್ಟೆ ಬಂದದ್ದು ಅಕ್ಕನಿಂದ.

ಅಕ್ಕನಿಗೂ ಅವಳಿಗೂ ನಾಲ್ಕು ವರ್ಷದ ಅಂತರ. ಅಕ್ಕ ಓದಿದವಳು, ಲಕ್ಷಣವಾದವಳು. ಪೈಪು, ನಲ್ಲಿಗಳ ಸಗಟು ವ್ಯಾಪಾರದ ದೊಡ್ಡ ಮನೆಗೆ ಸೊಸೆಯಾಗಿ ಹೋದಳು. ಮದುವೆಯಾದ ಆರನೇ ವರ್ಷ ಗರ್ಭಕೋಶದಲ್ಲಿ ಗಡ್ಡೆ ಬೆಳೆದು, ರಕ್ತ ನಿಲ್ಲದೆ, ಜೀವ ಉಳಿಸಲು ಗರ್ಭಕೋಶವನ್ನೇ ತೆಗೆಯಬೇಕಾಯಿತು. ಗಂಡನ ಮನೆಯವರಿಗೆ ಗಡ್ಡೆ ತೆಗೆದರು ಎಂದಷ್ಟೇ ಹೇಳಿದರು. ನಿಜ ಗೊತ್ತಿದ್ದದ್ದು ಭಾವನಿಗೆ, ಅಮ್ಮನಿಗೆ, ಪುಟ್ಟಿಗೆ. ವರ್ಷ ಕಳೆಯಿತು. ಅತ್ತೆಯ ಬಾಯಿ ದಿನಕ್ಕೊಂದಿಂಚು ಉದ್ದವಾಗುತ್ತಿದೆ ಎಂದು ಅಕ್ಕ ಫೋನಿನಲ್ಲಿ ಅಳುತ್ತಿದ್ದಳು. ಒಂದು ಭಾನುವಾರ ಅಮ್ಮ ಬಂದು ಪುಟ್ಟಿಯ ಅಡುಗೆಮನೆಯ ನೆಲದ ಮೇಲೆ ಕೂತು, "ಒಂದೇ ಹೊಟ್ಟೇಲಿ ಹುಟ್ಟಿದೋರು ನೀವಿಬ್ರು. ಅವಳ ಹೊಟ್ಟೆ ಬರಿದಾದ್ರೆ ನಿನ್ನ ಹೊಟ್ಟೆ ಇಲ್ವಾ?" ಎಂದಳು. ಪುಟ್ಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಕ್ಕನದೇ ಅಂಡ, ಭಾವನದೇ ಬೀಜ. ನಿಮ್ಮದು ಒಂಬತ್ತು ತಿಂಗಳ ಜಾಗ ಮಾತ್ರ ಎಂದು ಡಾಕ್ಟರು ವಿವರಿಸಿದರು. ಪುಟ್ಟಿಯ ಗಂಡ ನೀರು ಸರಬರಾಜು ಇಲಾಖೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸದವನು, ಮಾತು ಕಡಿಮೆ. ಅವನು ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. "ನಿನ್ನ ಮೈ, ನಿನ್ನ ಅಕ್ಕ" ಎಂದು ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚಿದ.

ಹೊಟ್ಟೆ ಕಾಣುವುದಕ್ಕೆ ಮುಂಚೆಯೇ ಪುಟ್ಟಿ ಡಿಪೋದಲ್ಲಿ ಸಂಬಳವಿಲ್ಲದ ರಜೆ ಬರೆದುಕೊಟ್ಟಳು. ಕಾರಣದ ಜಾಗದಲ್ಲಿ 'ಅಕ್ಕನ ಹೆರಿಗೆಯ ಆರೈಕೆ' ಎಂದು ಬರೆದಳು. ಅಕ್ಕ ತನ್ನ ಮನೆಯಲ್ಲಿ, ಬಸುರು ನಿಂತಿದೆ, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು ಎಂದಿದ್ದಾರೆ, ಅವರ ಆಸ್ಪತ್ರೆಯ ಹತ್ತಿರವೇ ಇರಬೇಕು ಎಂದಳು. ಬೇರೆ ಊರಿನಲ್ಲಿ ಎರಡು ಕೋಣೆಯ ಮನೆ ಹಿಡಿದು ಅಕ್ಕ ತಂಗಿ ಆರು ತಿಂಗಳು ಇದ್ದರು. ಪುಟ್ಟಿ ತನ್ನ ಜೀವನದಲ್ಲಿ ಅಷ್ಟು ಸುಖಪಟ್ಟದ್ದು ಅದೇ ಮೊದಲು, ಅದೇ ಕೊನೆ. ಅಕ್ಕ ಅವಳ ಕಾಲೊತ್ತುತ್ತಿದ್ದಳು, ತಲೆ ಬಾಚುತ್ತಿದ್ದಳು, ಹೊಟ್ಟೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಎಂಟನೇ ತಿಂಗಳಿನಲ್ಲಿ ಚರ್ಮ ಬಿರಿದು ನೆಲ ಸೀಳಿದಂತೆ ಗೆರೆ ಬಿದ್ದಾಗ ಎಣ್ಣೆ ಸವರುತ್ತಾ, "ಇದನ್ನ ಸರಿ ಮಾಡಿಸೋದು ನನ್ನ ಜವಾಬ್ದಾರಿ ಕಣೇ. ಎಲ್ಲ ಮುಗೀಲಿ, ಒಳ್ಳೆ ಡಾಕ್ಟರ ಹತ್ರ ಕರ್ಕೊಂಡು ಹೋಗ್ತೀನಿ" ಎಂದಳು.

ಒಂದು ಗಂಡು, ಒಂದು ಹೆಣ್ಣು, ಎರಡೂ ಸೇರಿ ಆರು ಕಿಲೋ. ಹೊಟ್ಟೆ ಕೊಯ್ದೇ ತೆಗೆಯಬೇಕಾಯಿತು. ಮಕ್ಕಳನ್ನು ಆಪರೇಷನ್ ಕೋಣೆಯಿಂದ ನೇರವಾಗಿ ಅಕ್ಕನ ಕೋಣೆಗೆ ಕೊಂಡೊಯ್ದರು. ಪುಟ್ಟಿ ಅವರನ್ನು ನೋಡಿದ್ದು ಮೂರನೇ ದಿನ, ಗಾಜಿನ ಈಚೆಯಿಂದ. ಎದೆಹಾಲು ಬತ್ತಲು ಮಾತ್ರೆ ಕೊಟ್ಟರು. ಹಾಲು ಬತ್ತಿತು. ಹೊಟ್ಟೆ ಇಳಿಯಲಿಲ್ಲ.

ಅವಳು ಡ್ಯೂಟಿಗೆ ಮರಳಿದ ದಿನ ಡಿಪೋದಲ್ಲಿ ಹುಟ್ಟಿದ ಜೋಕು ಇದು: "ಹೆತ್ತಿದ್ದು ಅಕ್ಕ, ಪಥ್ಯದ ಊಟ ಎಲ್ಲಾ ತಿಂದಿದ್ದು ತಂಗಿ."

ಏಳು ವರ್ಷ ಕಳೆಯಿತು. ಅಕ್ಕನ ಜವಾಬ್ದಾರಿಯ ಮಾತು ಮೊದಲ ವರ್ಷ ಮಕ್ಕಳಿಗೆ ನೆಗಡಿ ಎಂದು ಹೋಯಿತು, ಎರಡನೇ ವರ್ಷ ಮನೆ ಕಟ್ಟಿಸುವುದು ಎಂದು ಹೋಯಿತು, ಆಮೇಲೆ ಯಾರೂ ಅದನ್ನು ಎತ್ತಲಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಯಾರಿಗೆ? ಅಮ್ಮನ ಹತ್ತಿರ ಹೇಳಿಕೊಂಡರೆ, "ಅವಳಿಗೂ ನೂರೆಂಟು ತಾಪತ್ರಯ ಇರುತ್ತೆ, ಹೊಟ್ಟೆಗೆ ಹಾಕ್ಕೋ ಪುಟ್ಟಿ" ಎನ್ನುತ್ತಿದ್ದಳು. ಇದನ್ನು ಕೇಳಿದ ಗಂಡ ಒಂದು ಸಲ, "ಎಲ್ಲಾನೂ ಹೊಟ್ಟೆಗೆ ಹಾಕ್ಕೊಂಡೇ ಅಷ್ಟು ದೊಡ್ಡದಾಗಿರೋದು" ಎಂದ. ಇನ್ನೊಂದು ಸಲ ಇನ್ನೂ ಕಟುವಾಗಿ, "ಬಾಡಿಗೆಗಿದ್ದೋರು ಕೂಡ ಮನೆ ಬಿಡುವಾಗ ಸುಣ್ಣ ಹೊಡೆಸಿಕೊಟ್ಟು ಹೋಗ್ತಾರೆ" ಎಂದ. ಆ ದಿನ ಪುಟ್ಟಿ ಅವನೊಡನೆ ಮಾತು ಬಿಟ್ಟಳು. ಮಾತು ಸುಳ್ಳೆಂದು ಬಿಟ್ಟದ್ದಲ್ಲ.

ಅವಳು ಕೊನೆಗೂ ಡಾಕ್ಟರ ಬಳಿ ಹೋಗುವಂತಾದದ್ದು ಮಕ್ಕಳ ಏಳನೇ ಹುಟ್ಟುಹಬ್ಬದ ದಿನ ನಡೆದದ್ದರಿಂದ. ಅಕ್ಕನ ಮನೆಯ ಮಹಡಿಯಲ್ಲಿ ಐವತ್ತು ಜನ ಸೇರಿದ್ದರು. ಪುಟ್ಟಿ ಕುರ್ಚಿಗಳ ನಡುವೆ ತಟ್ಟೆ ಹಿಡಿದು ಓಡಾಡುತ್ತಿದ್ದಾಗ ಅಕ್ಕನ ಅತ್ತೆ ತನ್ನ ಪಕ್ಕದವಳಿಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮ ಸೊಸೆ ನೋಡಿ, ಅವಳಿ ಜವಳಿ ಹೆತ್ತೋಳು, ಮೈ ಒಂದಿಷ್ಟೂ ಕೆಟ್ಟಿಲ್ಲ. ಇವಳು ಅವಳ ತಂಗಿ. ಒಂದು ಹೆತ್ತು ಹೇಗಾಗಿದ್ದಾಳೆ. ಶಿಸ್ತು ಬೇಕಮ್ಮ ಹೆಣ್ಣಿಗೆ."

ಪುಟ್ಟಿ ಅಕ್ಕನ ಮುಖ ನೋಡಿದಳು. ಅಕ್ಕ ಕೇಕು ಕತ್ತರಿಸುತ್ತಿದ್ದಳು. ತಲೆ ಎತ್ತದೆ, "ಅವಳಿಗೆ ಚಿಕ್ಕಂದಿನಿಂದ ಬಾಯಿ ಕಟ್ಟೋದು ಅಂದ್ರೆ ಆಗಲ್ಲ, ಅತ್ತೆ" ಎಂದು ನಕ್ಕಳು.

ಜನ ನಕ್ಕರು. ಹುಡುಗಿ ಓಡಿಬಂದು, "ಚಿಕ್ಕಮ್ಮ, ನಂಗೆ ಗುಲಾಬಿ ಇರೋ ಪೀಸು" ಎಂದು ತಟ್ಟೆ ಎಳೆದಳು. ಪುಟ್ಟಿ ಅವಳಿಗೆ ಗುಲಾಬಿ ಇರುವ ತುಂಡನ್ನು ಕೊಟ್ಟು, ತಟ್ಟೆಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟಳು. ತಿರುವಿನವರೆಗೆ ಯಾರೂ ಕರೆಯಲಿಲ್ಲ.

ಸರ್ಜನ್ ವಯಸ್ಸಾದ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಪುಟ್ಟಿಯನ್ನು ಮಲಗಿಸಿ ತಲೆ ಎತ್ತಲು ಹೇಳಿ, ಹೊಟ್ಟೆಯ ನಡುವೆ ಬೆರಳಿಟ್ಟು ಅಳೆದಳು. ನಾಲ್ಕು ಬೆರಳು ಸಲೀಸಾಗಿ ಒಳಗೆ ಹೋದವು. "ನಡುವಿನ ಸ್ನಾಯು ಬಿಟ್ಟುಕೊಂಡಿದೆ. ಎರಡೂ ಕಡೆಯದನ್ನ ಎಳೆದು ಹೊಲಿಯಬೇಕು. ಹೊಕ್ಕುಳಲ್ಲಿ ಹರ್ನಿಯಾ ಇದೆ. ಹೆಚ್ಚಿನ ಚರ್ಮ ಕೊಯ್ದು ತೆಗೀತೀನಿ. ಇದು ಚಂದಕ್ಕೆ ಮಾತ್ರ ಮಾಡೋದಲ್ಲ, ನಿಮ್ಮ ಸೊಂಟನೋವಿಗೂ ಇದೇ ಕಾರಣ" ಎಂದಳು. ಚಂದಕ್ಕೆ ಮಾತ್ರವಲ್ಲ ಎಂಬ ಮಾತು ಕೇಳಿ ಪುಟ್ಟಿಗೆ ಕಣ್ಣು ತುಂಬಿತು. ಇಷ್ಟು ವರ್ಷ ಅದನ್ನು ತನ್ನ ತಪ್ಪೆಂದೇ ಹೊತ್ತಿದ್ದಳು.

ಡಾಕ್ಟರು ಕಾಗದ ತೆಗೆದಳು. "ಎಷ್ಟು ಹೆರಿಗೆ?"

"ಎರಡು. ಒಂದು ನಾರ್ಮಲ್, ಒಂದು ಸಿಸೇರಿಯನ್. ಎರಡನೇದು ಅವಳಿ."

"ಮಕ್ಕಳೆಷ್ಟು?"

"ಒಬ್ಬನೇ ಮಗ."

ಪೆನ್ನು ನಿಂತಿತು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, ಮೆಲ್ಲಗೆ, "ಕ್ಷಮಿಸಿ ಅಮ್ಮ, ಕೇಳಲೇಬೇಕಿತ್ತು" ಎಂದಳು. ಪುಟ್ಟಿ ಅವಳು ಕೊಟ್ಟ ಚೀಟಿ ಮಡಚಿಕೊಂಡು ಎದ್ದಳು. ಬದುಕಿರುವ ಎರಡು ಮಕ್ಕಳನ್ನು ತಾನು ಆ ಕ್ಷಣ ಕಾಗದದ ಮೇಲೆ ಸಾಯಿಸಿದೆ ಎಂದು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಹೊಳೆದು, ಕಂಬಿ ಹಿಡಿದು ನಿಂತಳು.

ತಯಾರಿಗೆ ನಾಲ್ಕು ತಿಂಗಳು ಹಿಡಿಯಿತು. ಹೊಟ್ಟೆಯೊಳಗಿನ ಕೊಬ್ಬು ಕರಗಬೇಕು, ಮೊದಲು ಆರು ಕಿಲೋ ಇಳಿಸಿಕೊಂಡು ಬನ್ನಿ ಎಂದಿದ್ದಳು ಡಾಕ್ಟರು. ಪುಟ್ಟಿ ಎರಡು ಸ್ಟಾಪು ಮೊದಲೇ ಇಳಿದು ಡಿಪೋಗೆ ನಡೆದಳು, ರಾತ್ರಿಯ ಅನ್ನ ಬಿಟ್ಟಳು. ಮೈ ಇಳಿದಷ್ಟೂ ಚರ್ಮ ಹೆಚ್ಚು ಜೋತುಬಿದ್ದು, ಮೊದಲಿಗಿಂತ ವಿಕಾರವಾಯಿತು. ರಕ್ತ ಪರೀಕ್ಷೆ, ಎದೆಯ ಪರೀಕ್ಷೆ ಎಲ್ಲ ಆಯಿತು. ಆಪರೇಷನ್ ಆದಮೇಲೆ ಬೀಡಿಯ ಹೊಗೆ ಹತ್ತಿರವೂ ಸುಳಿಯಬಾರದು, ಗಾಯ ಕೂಡುವುದಿಲ್ಲ ಎಂದು ಕೇಳಿ ಗಂಡ ಮೆಟ್ಟಿಲಿನಿಂದ ಬೀದಿಯ ಆಚೆ ಬದಿಗೆ ಹೋದ. ಒಂದು ದಿನ ಅವನೇ ನಾಲ್ಕು ಇಟ್ಟಿಗೆ ತಂದು ಮಂಚದ ತಲೆಯ ಕಾಲುಗಳ ಕೆಳಗಿಟ್ಟ. ಅಡುಗೆಮನೆಯಲ್ಲಿ ಕೆಳಗಿದ್ದ ಪಾತ್ರೆಗಳನ್ನೆಲ್ಲ ಸೊಂಟದ ಮಟ್ಟಕ್ಕೆ ಎತ್ತಿ ಜೋಡಿಸಿದ. ಯಾಕೆಂದು ಕೇಳಿದ್ದಕ್ಕೆ, "ಬಗ್ಗೋಕಾಗಲ್ಲ, ನೆಟ್ಟಗೆ ಮಲಗೋಕಾಗಲ್ಲ ಅಂತ ಆ ಕಾಗದದಲ್ಲಿ ಬರೆದಿದೆಯಲ್ಲ" ಎಂದ. ಡಾಕ್ಟರು ಕೊಟ್ಟ ಸೂಚನೆಯ ಹಾಳೆಯನ್ನು ಅವನು ಓದಿದ್ದು ಪುಟ್ಟಿಗೆ ಗೊತ್ತಿರಲಿಲ್ಲ.

ಅಕ್ಕನಿಗೆ ಅವಳು ಹೇಳಲಿಲ್ಲ. ಅಮ್ಮ ಹೇಳಿದಳು. ಮರುದಿನವೇ ಅಕ್ಕ ಕಾರಿನಲ್ಲಿ ಬಂದಿಳಿದಳು. ಪುಟ್ಟಿಯ ಕೈ ಹಿಡಿದು ಅತ್ತಳು. "ಆವತ್ತು ಅತ್ತೆ ಮುಂದೆ ನಾನು ಹಾಗೆ ಅನ್ನಬಾರದಿತ್ತು. ಬೇರೆ ಏನು ಅನ್ನಲಿ ಹೇಳು? ನನ್ನ ಪಾಡು ನಿಂಗೆ ಗೊತ್ತಲ್ಲ. ಆಪರೇಷನ್ನಿಗೆ ನಾನೇ ಬಂದಿದ್ದು ನೋಡ್ಕೋತೀನಿ. ಹತ್ತು ದಿನ ಇಲ್ಲೇ ಇರ್ತೀನಿ."

"ಮಕ್ಕಳು?"

"ಅತ್ತೆ ನೋಡ್ಕೋತಾರೆ. ನೀನು ನಂಗೆ ಮಾಡಿದ್ದಕ್ಕೆ ಇಷ್ಟೂ ಮಾಡದಿದ್ರೆ ನಾನು ಮನುಷ್ಯಳಾ?"

ಪುಟ್ಟಿಯ ಮನಸ್ಸು ಕರಗಿತು. ಅವಳ ಮನಸ್ಸು ಯಾವತ್ತೂ ಅಷ್ಟೇ, ಅಕ್ಕನ ಕಣ್ಣೀರಿಗೆ ಬೆಲ್ಲದ ಹಾಗೆ.

ಆಪರೇಷನ್ನಿನ ಬೆಳಿಗ್ಗೆ ಡಾಕ್ಟರು ಅವಳನ್ನು ನಿಲ್ಲಿಸಿ, ನೇರಳೆ ಬಣ್ಣದ ಪೆನ್ನಿನಿಂದ ಹೊಟ್ಟೆಯ ಮೇಲೆ ಗೆರೆ ಎಳೆದಳು. ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ದೋಣಿಯ ತಳದಂಥ ಗೆರೆ, ಹೊಕ್ಕುಳ ಮೇಲೆ ಇನ್ನೊಂದು. "ಈ ಎರಡು ಗೆರೆಗಳ ನಡುವಿನದೆಲ್ಲ ಹೋಗುತ್ತೆ" ಎಂದಳು. ಪಕ್ಕದಲ್ಲಿ ಅಕ್ಕ ಬಟ್ಟೆ ಹಿಡಿದು ನಿಂತಿದ್ದಳು. ಗೆರೆಗಳನ್ನು ಬಹಳ ಹೊತ್ತು ನೋಡಿದಳು.

ನಾಲ್ಕು ಗಂಟೆಯ ಕೆಲಸ. ಎಚ್ಚರವಾದಾಗ ಪುಟ್ಟಿಗೆ ತನ್ನನ್ನು ಯಾರೋ ನಡುವಿಗೆ ಹಗ್ಗ ಬಿಗಿದು ಕಟ್ಟಿದ್ದಾರೆ ಅನ್ನಿಸಿತು. ಹೊಟ್ಟೆಗೆ ಅಗಲವಾದ ಬಿಗಿ ಪಟ್ಟಿ, ಎರಡೂ ಬದಿಯಿಂದ ಸಣ್ಣ ಕೊಳವೆ, ಕೊಳವೆಯ ತುದಿಗೆ ಹಿಚುಕಿದ ಚೆಂಡಿನಂಥ ಪ್ಲಾಸ್ಟಿಕ್ ಬುರುಡೆ. ಅದರೊಳಗೆ ರಕ್ತ ನೀರು ಬೆರೆತು ಇಳಿಯುತ್ತಿತ್ತು. ಮಾರನೆಯ ದಿನವೇ ಎಬ್ಬಿಸಿ ನಡೆಸಿದರು. ನೆಟ್ಟಗೆ ನಿಂತರೆ ಹೊಲಿಗೆ ಹರಿಯುತ್ತದೆ ಎಂದು ತೊಂಬತ್ತರ ಮುದುಕಿಯ ಹಾಗೆ ಬಗ್ಗಿ, ನೆಲ ನೋಡುತ್ತಾ ಎರಡು ಹೆಜ್ಜೆ ಇಟ್ಟಳು. ಕೆಮ್ಮು ಬಂದರೆ ದಿಂಬನ್ನು ಹೊಟ್ಟೆಗೊತ್ತಿ ಹಿಡಿಯಬೇಕು. ಸೀನು ಬಂದರೆ ಸತ್ತೇ ಹೋದೆ ಅನ್ನಿಸುತ್ತಿತ್ತು. "ನಗಿಸಬೇಡಿ ಸಿಸ್ಟರ್" ಎಂದು ನರ್ಸಿಗೆ ಹೇಳಿದ್ದಕ್ಕೆ ಅವಳು, "ನಾನೆಲ್ಲಿ ನಗಿಸಿದೆ, ಬಿಲ್ ನೋಡಿದ ಮೇಲೆ ಯಾರೂ ನಗಲ್ಲ" ಎಂದು ನಗಿಸಿಯೇಬಿಟ್ಟಳು.

ಮೂರನೇ ದಿನ ಮನೆಗೆ ಬಂದರು. ಅಕ್ಕ ನಿಜವಾಗಿಯೂ ನೋಡಿಕೊಂಡಳು, ಅದನ್ನು ಯಾರೂ ಇಲ್ಲವೆನ್ನುವ ಹಾಗಿಲ್ಲ. ಬೆಳಿಗ್ಗೆ ಸಂಜೆ ಬುರುಡೆ ಬಿಚ್ಚಿ, ಅಳತೆಯ ಲೋಟಕ್ಕೆ ಸುರಿದು, ಎಷ್ಟು ಇಳಿದಿದೆ ಎಂದು ಹಾಳೆಯಲ್ಲಿ ಬರೆದಿಟ್ಟಳು. ರಕ್ತ ಹೆಪ್ಪುಗಟ್ಟದಿರಲೆಂದು ತೊಡೆಗೆ ಕೊಡುವ ಇಂಜೆಕ್ಷನ್ನು ತಾನೇ ಚುಚ್ಚಿದಳು. ಕುರ್ಚಿಯನ್ನು ಬಚ್ಚಲ ಬಾಗಿಲಿಗೆ ಹಾಕಿ, ಪುಟ್ಟಿಯ ತಲೆಯನ್ನು ಹಿಂದಕ್ಕೆ ವಾಲಿಸಿ ಬಿಸಿನೀರು ಹೊಯ್ದು ಕೂದಲು ತೊಳೆದಳು. ಬೇರೆ ಊರಿನ ಆ ಎರಡು ಕೋಣೆಯ ಮನೆ ಮರಳಿ ಬಂದ ಹಾಗಾಯಿತು. ಪುಟ್ಟಿ ಅಕ್ಕನ ಅಂಗೈಗೆ ತಲೆ ಕೊಟ್ಟು, ಏಳು ವರ್ಷದ ಸಿಟ್ಟು ನೊರೆಯ ಜೊತೆ ಹರಿದುಹೋಗಲಿ ಎಂದು ಕಣ್ಣು ಮುಚ್ಚಿದಳು.

ಆರನೇ ದಿನ ಮಧ್ಯಾಹ್ನ. ಗಂಡ ಕೆಲಸಕ್ಕೆ, ಮಗ ಶಾಲೆಗೆ ಹೋಗಿದ್ದರು. ಅಕ್ಕ ಪಟ್ಟಿ ಸಡಿಲಿಸಿ, ಬುರುಡೆಯನ್ನು ಖಾಲಿ ಮಾಡಿ, ಕೈ ತೊಳೆದು ಬಂದು ಮಂಚದ ತುದಿಗೆ ಕೂತಳು. ಹವಾಮಾನದ ವಿಷಯ ಕೇಳುವ ಹಾಗೆ ಕೇಳಿದಳು:

"ಪುಟ್ಟಿ, ಆ ಹಳೇ ಗುರುತೂ ಹೋಯ್ತಾ?"

"ಯಾವ ಗುರುತು?"

"ಅದೇ... ಸಿಸೇರಿಯನ್ದು."

"ಆ ಚರ್ಮದ ಜೊತೇಲೇ ಹೋಯ್ತಂತೆ. ಈಗಿರೋದು ಇದೊಂದೇ, ಹೊಸಾದು."

"ಅಂದ್ರೆ ಯಾರಾದ್ರೂ ನೋಡಿದ್ರೂ ಗೊತ್ತಾಗಲ್ಲ?"

"ಏನು ಗೊತ್ತಾಗಲ್ಲ?"

ಅಕ್ಕ ಉಸಿರು ಬಿಟ್ಟದ್ದು ಪುಟ್ಟಿಗೆ ಕೇಳಿಸಿತು. ಬಹಳ ದಿನ ತಲೆಯ ಮೇಲೆ ಹೊತ್ತ ಮೂಟೆ ಇಳಿಸಿದವರು ಬಿಡುವಂಥ ಉಸಿರು. ಆಮೇಲೆ ಅಕ್ಕ ತಾನಾಗಿಯೇ ಹೇಳತೊಡಗಿದಳು. ಎರಡು ವರ್ಷದ ಹಿಂದೆ ಎಲ್ಲರೂ ಈಜುಕೊಳಕ್ಕೆ ಹೋದಾಗ ಬಟ್ಟೆ ಬದಲಿಸುವ ಕೋಣೆಯಲ್ಲಿ ಪುಟ್ಟಿ ಮಡಿಕೆ ಎತ್ತಿ ಒರೆಸಿಕೊಳ್ಳುವಾಗ ಅಕ್ಕನ ನಾದಿನಿ ಆ ಗುರುತು ನೋಡಿದ್ದಳಂತೆ. "ನಿಮ್ಮ ತಂಗಿಗೆ ನಾರ್ಮಲ್ ಹೆರಿಗೆ ಅಂದಿದ್ರಿ, ಗುರುತಿದೆಯಲ್ಲ?" ಎಂದು ಕೇಳಿದ್ದಳಂತೆ. ಅಕ್ಕನ ಹೊಟ್ಟೆಯ ಮೇಲಿದ್ದದ್ದು ಗರ್ಭಕೋಶ ತೆಗೆದ ಗಾಯದ ಗುರುತು. ಹೆರಿಗೆಗೂ ಅದೇ ಗುರುತಿನ ಮೇಲೆ ಕೊಯ್ದರು ಎಂದು ಅವಳು ಅತ್ತೆಯನ್ನು ನಂಬಿಸಿದ್ದಳು. "ಅವತ್ತಿನಿಂದ ನಂಗೆ ನಿದ್ದೆ ಇಲ್ಲ ಕಣೇ. ನಾದಿನಿ ಎಲ್ಲಾನೂ ಕೂಡಿಸಿ ಕಳೆದು ನೋಡೋಳು. ನೀನು ಮನೆಗೆ ಬಂದಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ಇನ್ನು ಆ ಭಯ ಇಲ್ಲ."

ಪುಟ್ಟಿ ಅಲುಗಾಡದೆ ಕೇಳಿದಳು. ಅಲುಗಾಡಲು ಆಗುತ್ತಲೂ ಇರಲಿಲ್ಲ. ಎರಡು ವರ್ಷದಿಂದ ಅಕ್ಕ ತನ್ನನ್ನು ಮನೆಗೆ ಕರೆಯುವುದು ಕಡಿಮೆ ಮಾಡಿದ್ದು ಯಾಕೆಂದು ಈಗ ಗೊತ್ತಾಯಿತು. ಆಪರೇಷನ್ ಎಂದ ಮರುದಿನವೇ ಕಾರು ಬಂದದ್ದು ಯಾಕೆಂದೂ.

"ಅಕ್ಕ, ನೀನು ಬಂದಿದ್ದು ನನ್ನ ನೋಡ್ಕೊಳ್ಳೋಕಾ, ಅದು ಹೋಯ್ತಾ ಇಲ್ವಾ ಅಂತ ನೋಡ್ಕೊಂಡು ಹೋಗೋಕಾ?"

"ಏನು ಮಾತಾಡ್ತೀಯೇ? ಎರಡೂ ಇರಬಾರದಾ?"

ಅದೇ ಪುಟ್ಟಿಯನ್ನು ಹೆಚ್ಚು ಚುಚ್ಚಿತು. ಸುಳ್ಳು ಹೇಳಿದ್ದರೆ ಬೈದು ಮುಗಿಸಬಹುದಿತ್ತು. ಕೂದಲು ತೊಳೆದ ಕೈಯೂ ನಿಜ, ಆ ಉಸಿರೂ ನಿಜ.

"ನಾಳೆಯಿಂದ ನೀನು ಇರೋದು ಬೇಡ."

"ಬುರುಡೆ ಯಾರು ಬಿಚ್ತಾರೆ?"

"ಯಾರೋ ಬಿಚ್ತಾರೆ. ಮಕ್ಕಳನ್ನ ಹೆತ್ತೋಳು ನೀನಲ್ಲ, ಆದ್ರೂ ಹೆರಿಗೆ ಆಯ್ತಲ್ಲ."

ಅಕ್ಕ ಎದ್ದಳು. ಸಂಜೆಯವರೆಗೂ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ ಕೇಳಿಸಿತು. ಎರಡು ದಿನಕ್ಕಾಗುವಷ್ಟು ಗಂಜಿ, ಪಲ್ಯ ಮಾಡಿಟ್ಟು, ಮಾತ್ರೆಗಳನ್ನು ಹೊತ್ತಿಗೆ ತಕ್ಕ ಹಾಗೆ ಡಬ್ಬಿಗಳಲ್ಲಿ ಜೋಡಿಸಿಟ್ಟು, ಕಾರು ತರಿಸಿಕೊಂಡು ಅಕ್ಕ ಹೊರಟುಹೋದಳು.

ಅಮ್ಮ ಮರುದಿನ ಬಂದು ಪುಟ್ಟಿಯನ್ನೇ ದೂರಿದಳು. "ಹೆತ್ತ ಮಕ್ಕಳ ಹಾಗೆ ನೋಡ್ಕೊಂಡ್ಳು ನಿನ್ನ. ಓಡಿಸಿಬಿಟ್ಯಲ್ಲ. ಗುರುತು ಹೋದ್ರೆ ನಿಂಗೇನು ನಷ್ಟ? ಒಳ್ಳೇದೇ ಆಯ್ತು."

"ಅಮ್ಮ, ನಾನೇ ಹೆತ್ತಿದ್ದು ಅನ್ನೋದಕ್ಕೆ ಈ ಲೋಕದಲ್ಲಿ ಇದ್ದಿದ್ದು ಅದೊಂದೇ."

"ಇದ್ದು ಏನು ಮಾಡ್ತಿದ್ದೆ? ಯಾರಿಗೆ ತೋರಿಸ್ತಿದ್ದೆ?"

ಪುಟ್ಟಿ ಯಾರಿಗೂ ತೋರಿಸುತ್ತಿರಲಿಲ್ಲ, ನಿಜ. ಸ್ನಾನ ಮಾಡುವಾಗ ಮಡಿಕೆ ಎತ್ತಿ, ಅದರ ಕೆಳಗಿನ ಆ ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು. ಅಷ್ಟೆ. ಅದನ್ನು ಅಮ್ಮನಿಗೆ ಹೇಳುವುದು ಹೇಗೆ?

"ಹೊಟ್ಟೆಗೆ ಹಾಕ್ಕೋ" ಎಂದಳು ಅಮ್ಮ.

"ಈಗ ಜಾಗ ಇಲ್ಲಮ್ಮ. ಹೊಲಿದುಬಿಟ್ಟಿದ್ದಾರೆ" ಎಂದು ಪುಟ್ಟಿ ಗೋಡೆಯ ಕಡೆ ಮುಖ ತಿರುಗಿಸಿದಳು. ಮೈಯನ್ನು ತಿರುಗಿಸುವ ಹಾಗಿರಲಿಲ್ಲ.

ಬುರುಡೆಯನ್ನು ಗಂಡ ಬಿಚ್ಚಿದ. ಮೊದಲ ದಿನ ಅರ್ಧ ಹಾಸಿಗೆಗೆ ಚೆಲ್ಲಿದ. ಎರಡನೇ ದಿನ, "ಇದೂ ಒಂದು ವಾಲ್ವು ಅಂದ್ಕೊಂಡ್ರೆ ಆಯ್ತು" ಎಂದು ತನ್ನಷ್ಟಕ್ಕೆ ಗೊಣಗಿಕೊಂಡು ಸರಿಯಾಗಿ ಮಾಡಿದ. ಹನ್ನೊಂದನೇ ದಿನ ಕೊಳವೆ ತೆಗೆದರು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ, ಮೂರನೇ ವಾರ ಹೊಲಿಗೆಯ ನಟ್ಟನಡುವೆ, ಚರ್ಮ ಅತಿ ಬಿಗಿಯಾಗಿ ಎಳೆದಿದ್ದ ಜಾಗ ಕಪ್ಪಗಾಗಿ, ಎರಡು ಬೆರಳಗಲ ಬಾಯಿ ಬಿಟ್ಟಿತು. ಇದು ಕೆಲವರಿಗೆ ಆಗುತ್ತದೆ, ಒಳಗಿನಿಂದಲೇ ತುಂಬಿಕೊಂಡು ಬರಬೇಕು, ಕಾಯಿರಿ ಎಂದಳು ಡಾಕ್ಟರು. ದಿನಾ ಗಾಯ ತೊಳೆದು ಒದ್ದೆ ಬಟ್ಟೆ ತುಂಬಿ ಕಟ್ಟಬೇಕು. ಮೂವತ್ತೆಂಟು ದಿನ ಗಂಡನೇ ಕಟ್ಟಿದ. ಒಂದು ದಿನವೂ ಮುಖ ಸಿಂಡರಿಸಲಿಲ್ಲ, ಒಂದು ದಿನವೂ ಸಮಾಧಾನದ ಮಾತಾಡಲಿಲ್ಲ. ಒಮ್ಮೆ ಮಾತ್ರ, ಪಟ್ಟಿ ಬಿಗಿಯುತ್ತಾ, "ನಾನು ಆವತ್ತೇ ಬೇಡ ಅನ್ನಬೇಕಿತ್ತು. ನಿನ್ನ ಮೈ ಅಂತ ಸುಮ್ನಿದ್ದೆ" ಎಂದ.

"ನೀವು ಬೇಡ ಅಂದಿದ್ರೂ ನಾನು ಕೇಳ್ತಿರಲಿಲ್ಲ."

"ಗೊತ್ತು. ಆದ್ರೂ ಅನ್ನಬೇಕಿತ್ತು."

ಮೂರು ತಿಂಗಳ ಮೇಲೆ ಪುಟ್ಟಿ ಡ್ಯೂಟಿಗೆ ಹೋದಳು. ಚೀಲದ ಪಟ್ಟಿಯನ್ನು ಆರು ತೂತು ಒಳಗೆ ಬಿಗಿಯಬೇಕಾಯಿತು. ಡಿಪೋದ ಹೆಂಗಸರು ಸುತ್ತುವರಿದು, ಏನು ತಿಂದೆ, ಏನು ಬಿಟ್ಟೆ ಎಂದು ಕೇಳಿದರು. ಹರ್ನಿಯಾ ಆಪರೇಷನ್ ಎಂದಳು. ಬಸ್ಸಿನ ಆ ಮುದುಕಿ ಅವಳನ್ನು ಕಂಡು, ಸಪಾಟಾದ ಹೊಟ್ಟೆಯನ್ನೂ ಬರಿಗೈಯನ್ನೂ ನೋಡಿ, ದನಿ ತಗ್ಗಿಸಿ, "ಹುಟ್ಟಿತಾ ತಾಯಿ? ಮಗು ಚೆನ್ನಾಗಿದೆಯಾ?" ಎಂದಳು. ಪುಟ್ಟಿ ಟಿಕೆಟ್ ಹರಿದುಕೊಟ್ಟು, "ಚೆನ್ನಾಗಿದ್ದಾವೆ ಅಜ್ಜಿ. ಎರಡು" ಎಂದಳು. ಏಳು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕಿ ಎರಡು ಸ್ಟಾಪಿನವರೆಗೂ ಹರಸುತ್ತಲೇ ಇದ್ದಳು.

ಸೊಂಟನೋವು ಹೋಯಿತು. ಗುಳ್ಳೆ ಹೋಯಿತು. ಅಂಗಡಿಯಲ್ಲಿ ಅಳತೆಗೆ ಸಿಗುವ ಬಟ್ಟೆ ತೊಡುವ ಹಾಗಾಯಿತು. ಅದಕ್ಕೆಲ್ಲ ಅವಳು ಡಾಕ್ಟರನ್ನು ನೆನೆಯುತ್ತಾಳೆ. ಆಪರೇಷನ್ ಮಾಡಿಸಬಾರದಿತ್ತು ಎಂದು ಅವಳು ಯಾವತ್ತೂ ಹೇಳಿದ್ದಿಲ್ಲ.

ಅಕ್ಕ ಆರು ತಿಂಗಳು ಬರಲಿಲ್ಲ. ಆಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಫೋನು ಮಾಡಿದಳು. ನಾದಿನಿಯ ಎದುರಿಗೇ, "ನಮ್ಮ ಪುಟ್ಟಿ ಈಗ ಹೇಗಾಗಿದ್ದಾಳೆ ಗೊತ್ತಾ, ಮುಂದಿನ ಸಲ ಈಜುಕೊಳಕ್ಕೆ ಅವಳನ್ನ ಮತ್ತೆ ಕರ್ಕೊಂಡು ಹೋಗೋಣ" ಎಂದಳಂತೆ. ಭಯ ಹೋದಮೇಲೆ ಅಕ್ಕ ಉದಾರಿಯಾದಳು. ಏಳು ವರ್ಷದಲ್ಲಿ ಒಂದು ಹಗಲೂ ಮಕ್ಕಳನ್ನು ತಂಗಿಯ ಮನೆಯಲ್ಲಿ ಬಿಡದವಳು, ಈಗ ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ತಂದು ಬಿಟ್ಟು ಸಂಜೆ ಕರೆದೊಯ್ಯುತ್ತಾಳೆ. ಗುರುತು ಅಳಿಸಿಕೊಂಡದ್ದಕ್ಕೆ ಸಿಕ್ಕ ಬಹುಮಾನ ಎಂದು ಪುಟ್ಟಿಗೆ ಗೊತ್ತು. ಬಾಗಿಲು ಹಾಕಿಕೊಂಡು ಬೇಡವೆನ್ನಲು ಎರಡು ಸಲ ಮನಸ್ಸು ಗಟ್ಟಿಮಾಡಿದಳು. ಎರಡು ಸಲವೂ ಕಾರಿನ ಹಾರನ್ನು ಕೇಳಿ ಮೆಟ್ಟಿಲಿಳಿದಳು.

ಹೋದ ಭಾನುವಾರ ಹುಡುಗ ಚಿಕ್ಕಪ್ಪನ ಜೊತೆ ನೀರಿನ ತೊಟ್ಟಿ ನೋಡಲು ಹೋಗಿದ್ದ. ಹುಡುಗಿ ಟಿವಿ ನೋಡುತ್ತಾ ನೋಡುತ್ತಾ ವಾಲಿ, ಪುಟ್ಟಿಯ ಹೊಟ್ಟೆಯ ಮೇಲೆ ತಲೆಯಿಟ್ಟು ನಿದ್ದೆಹೋದಳು. ಹೊಕ್ಕುಳ ಕೆಳಗೆ ಪುಟ್ಟಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಬರಬಹುದು, ಬರದೆಯೂ ಇರಬಹುದು ಎಂದಿದ್ದಾಳೆ ಡಾಕ್ಟರು. ಹುಡುಗಿಯ ತಲೆ ಅಲ್ಲಿರುವುದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ಗೊತ್ತಾಗುತ್ತಿರಲಿಲ್ಲ. ಪುಟ್ಟಿ ಅವಳನ್ನು ಎಚ್ಚರವಾಗದ ಹಾಗೆ ಎರಡು ಕೈಯಿಂದ ಮೇಲಕ್ಕೆಳೆದುಕೊಂಡು, ತಿಳಿಯುವ ಜಾಗದಲ್ಲಿ ಮಲಗಿಸಿಕೊಂಡಳು.

ಐದು ಗಂಟೆಗೆ ಕಾರು ಬಂತು. ಅಕ್ಕ ಬಾಗಿಲಲ್ಲೇ ನಿಂತು, "ಏನೂ ಗಲಾಟೆ ಮಾಡಲಿಲ್ಲ ತಾನೆ?" ಎಂದಳು.

"ಇಲ್ಲ" ಎಂದಳು ಪುಟ್ಟಿ. ಹುಡುಗಿಯ ಚಪ್ಪಲಿ ಹುಡುಕಿ ತಂದು ಕಾಲಿಗೆ ಹಾಕಿದಳು. ಈಗ ಅವಳಿಗೆ ಬಗ್ಗಲು ಆಗುತ್ತದೆ.